ಪಟ್ಟಿಯಲ್ಲಿ ಮೇಲಿರುವ ಲೋಗೊ ಪರದೆಯಲ್ಲಿ ಹಿಂದೆ ಹೋಗುವುದೇಕೆ?

ಪ್ರಶ್ನೆ: ಆಫ್ಟರ್ ಎಫೆಕ್ಟ್ಸ್‌ನಲ್ಲಿ (ಚಿತ್ರಗಳನ್ನು ಲೇಯರ್, ಅಂದರೆ ಪದರಗಳಾಗಿ ಜೋಡಿಸಿ ಚಲಿಸುವಂತೆ ಮಾಡುವ ಸಾಫ್ಟ್‌ವೇರ್) ಒಂದು ಟೈಟಲ್ ಸೀಕ್ವೆನ್ಸ್ ಮಾಡುತ್ತಿದ್ದೇನೆ. ಆರು ಫೋಟೊಗಳನ್ನು 3ಡಿ ಲೇಯರ್ ಮಾಡಿ ಕಾರ್ಡುಗಳ ಹಾಗೆ ಹಿಂದೆ ಮುಂದೆ ನಿಲ್ಲಿಸಿದ್ದೇನೆ. ಕ್ಯಾಮೆರಾ ಅವುಗಳ ನಡುವೆ ಸಾಗುತ್ತದೆ, ಲೈಟ್ ಹಾಕಿರುವುದರಿಂದ ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಲೋಗೊ ಕೂಡ 3ಡಿ; ಲೇಯರ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿಟ್ಟಿದ್ದೇನೆ, ಆದರೂ ಕ್ಯಾಮೆರಾ ಚಲಿಸಿದಾಗ ಅದು ಕಾರ್ಡಿನ ಹಿಂದೆ ಹೋಗುತ್ತದೆ. ಕೆಳಗಿನ ಮೂರು ಕಾರ್ಡುಗಳ ಬಣ್ಣ ಮಾತ್ರ ತಿದ್ದೋಣವೆಂದು ಪಟ್ಟಿಯ ಮಧ್ಯೆ ಒಂದು ಅಡ್ಜಸ್ಟ್‌ಮೆಂಟ್ ಲೇಯರ್ (ತನ್ನ ಕೆಳಗಿನ ಲೇಯರುಗಳಿಗೆಲ್ಲ ಎಫೆಕ್ಟ್ ಕೊಡುವ ಲೇಯರ್) ಹಾಕಿದೆ. ತಕ್ಷಣ ಕೆಲವು ನೆರಳು ಮಾಯವಾದವು, ದೂರದಲ್ಲಿರಬೇಕಾದ ಕಾರ್ಡೊಂದು ಹತ್ತಿರದ್ದರ ಮೇಲೆ ಬಂದು ಕೂತಿತು. ಪಟ್ಟಿ ಚೊಕ್ಕಟವಾಗಲಿ ಎಂದು, ಸ್ಕ್ರೀನ್ ಎಂಬ ಬ್ಲೆಂಡ್ ಮೋಡಿನಲ್ಲಿದ್ದ (ಕೆಳಗಿನ ಚಿತ್ರದೊಂದಿಗೆ ಬೆರೆಯುವ ರೀತಿ) ಹೊಗೆ ಮತ್ತು ಕಿಡಿಗಳ ಕ್ಲಿಪ್ಪುಗಳನ್ನು ಪ್ರಿಕಾಂಪ್ ಮಾಡಿದರೆ (ಒಂದೇ ಲೇಯರಿನೊಳಗೆ ಕಟ್ಟಿದರೆ) ಹಿಂದಿನದೆಲ್ಲ ಕಪ್ಪಿನಲ್ಲಿ ಮುಚ್ಚಿಹೋಯಿತು. ಕೊನೆಯಲ್ಲಿ ತಿರುಗುವ ಒಂದು ಪಿಎನ್‌ಜಿ ನಕ್ಷತ್ರ ಮತ್ತು ಹೆಸರಿನ ಅಕ್ಷರ, ಎರಡಕ್ಕೂ ಒಂದೇ ಡ್ರಾಪ್ ಶ್ಯಾಡೊ ಎಫೆಕ್ಟ್ ಹಾಕಿದ್ದೇನೆ. ನಕ್ಷತ್ರದ ನೆರಳು ಅದರೊಂದಿಗೇ ಸುತ್ತುತ್ತದೆ, ಅಕ್ಷರದ್ದು ಸುತ್ತುವುದಿಲ್ಲ. ಸ್ನೇಹಿತರೊಬ್ಬರು ‘ಎಲ್ಲವನ್ನೂ 3ಡಿ ಮಾಡಿಬಿಡು, ಕ್ರಮದ ತಲೆನೋವೇ ಇರುವುದಿಲ್ಲ’ ಎನ್ನುತ್ತಾರೆ. ಇನ್ನೊಬ್ಬರು ನೋಡ್ ಸಾಫ್ಟ್‌ವೇರಿಗೆ (ಪಟ್ಟಿಯ ಬದಲು ತಂತಿ ಎಳೆದು ಚಿತ್ರಗಳನ್ನು ಜೋಡಿಸುವಂಥದ್ದಕ್ಕೆ) ಹೋಗು ಎನ್ನುತ್ತಾರೆ. ಎಲ್ಲ ಅಳಿಸಿ ಮೊದಲಿಂದ ಕಟ್ಟಬೇಕೇ?

ಉತ್ತರ: ಬೇಡ, ಏನನ್ನೂ ಅಳಿಸಬೇಡಿ. ನಿಮ್ಮ ಪ್ರಾಜೆಕ್ಟ್ ಕೆಟ್ಟಿಲ್ಲ, ಸಾಫ್ಟ್‌ವೇರಿನಲ್ಲಿ ದೋಷವೂ ಇಲ್ಲ. ನೀವು ಬರೆದಿರುವ ನಾಲ್ಕು ತೊಂದರೆಗಳು ನೋಡುವುದಕ್ಕೆ ಬೇರೆ ಬೇರೆ, ಬೇರು ಮಾತ್ರ ಒಂದೇ. ಲೇಯರ್ ಪಟ್ಟಿಯನ್ನು ನೀವು ‘ಯಾವುದು ಮುಂದೆ, ಯಾವುದು ಹಿಂದೆ’ ಎಂದು ಓದುತ್ತಿದ್ದೀರಿ. ಸಾಫ್ಟ್‌ವೇರ್ ಅದೇ ಪಟ್ಟಿಯನ್ನು ‘ಯಾವ ಲೆಕ್ಕ ಮೊದಲು, ಯಾವುದು ಆಮೇಲೆ’ ಎಂದು ಓದುತ್ತದೆ. ಬರೀ 2ಡಿ ಲೇಯರುಗಳು ನಾರ್ಮಲ್ ಮೋಡಿನಲ್ಲಿ ಇರುವವರೆಗೆ ಎರಡೂ ಓದಿನಿಂದ ಸಿಗುವ ಚಿತ್ರ ಒಂದೇ, ಹಾಗಾಗಿ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. 3ಡಿ, ಬ್ಲೆಂಡ್ ಮೋಡ್, ಪ್ರಿಕಾಂಪ್ ಇವುಗಳಲ್ಲಿ ಯಾವುದಾದರೊಂದು ಒಳಗೆ ಬಂದಾಗ ಎರಡು ಓದೂ ಬೇರೆಯಾಗುತ್ತವೆ. ನಿಮ್ಮ ಕಾಂಪಿನಲ್ಲಿ (ಕಾಂಪೊಸಿಷನ್, ಲೇಯರುಗಳನ್ನೆಲ್ಲ ಜೋಡಿಸಿದ ಜಾಗ) ಮೂರೂ ಒಟ್ಟಿಗೆ ಬಂದಿವೆ.

ಲೆಕ್ಕ ನಡೆಯುವುದು ಕೆಳಗಿನಿಂದ ಮೇಲಕ್ಕೆ. ತೀರಾ ಕೆಳಗಿನ ಲೇಯರ್ ಮೊದಲು ಸಿದ್ಧವಾಗುತ್ತದೆ, ಅದರ ಮೇಲಿನದು ಆ ಫಲಿತಾಂಶದ ಮೇಲೆ ಕೂರುತ್ತದೆ, ಹೀಗೆ ಮುಂದುವರಿಯುತ್ತದೆ. ಈ ‘ಮೇಲೆ ಕೂರಿಸುವ’ ಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಲ್ಯೂಕಾಸ್‌ಫಿಲ್ಮ್‌ನಲ್ಲಿದ್ದಾಗ 1984ರಲ್ಲಿ ಪ್ರಕಟಿಸಿದರು. ಇಂದಿಗೂ ಎಲ್ಲ ಕಾಂಪೊಸಿಟಿಂಗ್ (ಚಿತ್ರಗಳನ್ನು ಒಂದರ ಮೇಲೊಂದು ಬೆರೆಸುವ) ಸಾಫ್ಟ್‌ವೇರುಗಳ ಒಳಗೆ ಓಡುವುದು ಅದೇ. ಸೂತ್ರ ಸರಳವಾದದ್ದು: ಮೇಲಿನ ಚಿತ್ರ ತನ್ನ ಆಲ್ಫಾ (ಎಷ್ಟು ಅಪಾರದರ್ಶಕ ಎಂಬ ಅಳತೆ) ಇದ್ದಷ್ಟು ತಾನು ಕಾಣುತ್ತದೆ, ಉಳಿದಷ್ಟು ಭಾಗದಲ್ಲಿ ಮಾತ್ರ ಕೆಳಗಿನದಕ್ಕೆ ಜಾಗ ಬಿಡುತ್ತದೆ. ಈ ಲೆಕ್ಕಕ್ಕೆ ಎರಡು ಗುಣಗಳಿವೆ. ಅದಲುಬದಲು ಮಾಡಿದರೆ ಉತ್ತರ ಬದಲಾಗುತ್ತದೆ. ಆದರೆ ಅಕ್ಕಪಕ್ಕದ ಲೇಯರುಗಳನ್ನು ಗುಂಪು ಮಾಡಿದರೆ ಬದಲಾಗುವುದಿಲ್ಲ: ಮೂರು ಲೇಯರುಗಳಲ್ಲಿ ಮೇಲಿನ ಎರಡನ್ನು ಮೊದಲು ಬೆರೆಸಿದರೂ ಕೆಳಗಿನ ಎರಡನ್ನು ಮೊದಲು ಬೆರೆಸಿದರೂ ಕೊನೆಯ ಚಿತ್ರ ಒಂದೇ. ಪ್ರಿಕಾಂಪ್ ಮಾಡುವುದು ಸಾಮಾನ್ಯವಾಗಿ ನಿರಪಾಯಕಾರಿ ಅನ್ನಿಸುವುದು ಈ ಎರಡನೇ ಗುಣದಿಂದ. ಆ ಗುಣ ನಾರ್ಮಲ್ ಮೋಡಿನದು. ಮೋಡ್ ಬದಲಾಯಿಸಿದ ಮೇಲೆ ಅದೇ ಭರವಸೆ ಇಟ್ಟುಕೊಳ್ಳುವಂತಿಲ್ಲ. ಹೊಗೆಯ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ನೀವು ಕೇಳಿಲ್ಲ, ಆದರೆ ಫೋಟೊಗಳಿರುವ ಸೀಕ್ವೆನ್ಸಿನಲ್ಲಿ ಇದು ಬಂದೇ ಬರುತ್ತದೆ. ಮೇಲಿನ ಫೋಟೊದ ಒಪಾಸಿಟಿ 100ರಿಂದ 0ಗೆ ಇಳಿಸುತ್ತ, ಕೆಳಗಿನದನ್ನು 0ಯಿಂದ 100ಕ್ಕೆ ಏರಿಸುತ್ತ ಕ್ರಾಸ್‌ಫೇಡ್ ಮಾಡುವವರು ಬಹಳ ಮಂದಿ. ನಟ್ಟನಡುವೆ ಎರಡೂ 50ರಲ್ಲಿರುತ್ತವೆ. ಮೇಲಿನದು ಅರ್ಧ ತಾನು ಕಾಣುತ್ತದೆ; ಉಳಿದ ಅರ್ಧದಲ್ಲಿ ಅರ್ಧ, ಅಂದರೆ ಶೇಕಡ 25, ಕೆಳಗಿನ ಫೋಟೊ; ಇನ್ನುಳಿದ ಶೇಕಡ 25 ಹಿನ್ನೆಲೆ. ಫೇಡಿನ ಮಧ್ಯೆ ಚಿತ್ರ ಒಂದು ಕ್ಷಣ ಮಂಕಾಗುವುದು ಇದರಿಂದಲೇ. ಕೆಳಗಿನದನ್ನು 100ರಲ್ಲೇ ಬಿಟ್ಟು ಮೇಲಿನದನ್ನು ಮಾತ್ರ ಇಳಿಸಿ, ಸರಿಹೋಗುತ್ತದೆ.

ಈಗ ಲೋಗೊ. 3ಡಿ ಸ್ವಿಚ್ ಒತ್ತಿದ ಲೇಯರಿಗೆ ಪಟ್ಟಿಯ ಸ್ಥಾನ ಎರಡನೇ ದರ್ಜೆಯದು. ಮೊದಲು ನೋಡುವುದು ಕ್ಯಾಮೆರಾದಿಂದ ಅದು ಎಷ್ಟು ದೂರದಲ್ಲಿದೆ ಎಂಬುದನ್ನು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಜ಼ೆಡ್ ಮೌಲ್ಯ (ಆಳದ ಅಳತೆ) ಹೆಚ್ಚಾದಷ್ಟೂ ವಸ್ತು ದೂರ ಹೋಗುತ್ತದೆ, ಹೊಸದಾಗಿ ಹಾಕಿದ ಕ್ಯಾಮೆರಾ ಋಣ ಜ಼ೆಡ್ ಕಡೆಯಿಂದ ನೋಡುತ್ತಿರುತ್ತದೆ. ಎರಡು ಲೇಯರುಗಳು ಸರಿಯಾಗಿ ಒಂದೇ ದೂರದಲ್ಲಿದ್ದರೆ ಮಾತ್ರ ಪಟ್ಟಿಯಲ್ಲಿ ಮೇಲಿರುವುದು ಗೆಲ್ಲುತ್ತದೆ. ನಿಮ್ಮ ಲೋಗೊ ಕಾರ್ಡಿಗಿಂತ ದೂರದಲ್ಲಿದೆ, ಹಿಂದೆ ಹೋಗುತ್ತಿದೆ, ಅಷ್ಟೇ.

ಆದರೆ ಈ ದೂರದ ಲೆಕ್ಕ ಇಡೀ ಕಾಂಪಿಗೆ ಒಂದೇ ಸಲ ನಡೆಯುವುದಿಲ್ಲ, ಎಡವುವುದು ಇಲ್ಲಿಯೇ. ಪಟ್ಟಿಯಲ್ಲಿ ಒಂದರ ಕೆಳಗೊಂದು ಸಾಲಾಗಿ ಬರುವ 3ಡಿ ಲೇಯರುಗಳಷ್ಟೇ ಒಂದು ಗುಂಪಾಗುತ್ತವೆ. ಆ ಗುಂಪಿನೊಳಗೆ ದೂರ, ನೆರಳು, ಒಂದನ್ನೊಂದು ಛೇದಿಸುವುದು ಎಲ್ಲವೂ ಸರಿಯಾಗಿ ನಡೆಯುತ್ತದೆ. ನಡುವೆ ಒಂದು 2ಡಿ ಲೇಯರ್ ಅಥವಾ ಅಡ್ಜಸ್ಟ್‌ಮೆಂಟ್ ಲೇಯರ್ ಬಂತೋ, ಗುಂಪು ಅಲ್ಲಿಗೆ ಮುಗಿಯಿತು. ಕೆಳಗಿನ ಗುಂಪು ರೆಂಡರ್ ಆಗಿ ಚಪ್ಪಟೆ ಚಿತ್ರವಾಗುತ್ತದೆ. ಮೇಲಿನ ಗುಂಪನ್ನು ಪ್ರತ್ಯೇಕವಾಗಿ ರೆಂಡರ್ ಮಾಡಿ ಆ ಚಪ್ಪಟೆ ಚಿತ್ರದ ಮೇಲೆ ಅಂಟಿಸಲಾಗುತ್ತದೆ. ಚಪ್ಪಟೆ ಚಿತ್ರಕ್ಕೆ ಆಳ ಇಲ್ಲ, ನೆರಳು ಬೀಳುವುದಕ್ಕೆ ಅಲ್ಲಿ ಮೇಲ್ಮೈಯೂ ಇಲ್ಲ. ಅಡ್ಜಸ್ಟ್‌ಮೆಂಟ್ ಲೇಯರ್ ತನ್ನ ಕೆಳಗಿನ ಎಲ್ಲದರ ಮೇಲೂ ಒಟ್ಟಾಗಿ ಕೆಲಸ ಮಾಡಬೇಕಲ್ಲ, ಅದಕ್ಕೆ ಮೊದಲು ಅದೆಲ್ಲ ಒಂದು ಚಿತ್ರವಾಗಲೇಬೇಕು. ನಿಮ್ಮ ಮೇಲಿನ ಮೂರು ಕಾರ್ಡುಗಳು ಎಷ್ಟೇ ದೂರದಲ್ಲಿದ್ದರೂ ಕೆಳಗಿನ ಮೂರರ ಮೇಲೆ ಕೂರುವುದು, ಗುಂಪು ದಾಟುವ ನೆರಳುಗಳು ಮಾತ್ರ ಮಾಯವಾಗಿ ಗುಂಪಿನೊಳಗಿನವು ಉಳಿದಿರುವುದು, ಎರಡಕ್ಕೂ ಕಾರಣ ಇದೇ.

ಗುಂಪನ್ನು ಒಡೆಯುವ ಇನ್ನೂ ಒಂದು ವಸ್ತು ಇದೆ, ಹಲವರ ಗಮನಕ್ಕೆ ಬರುವುದೇ ಇಲ್ಲ: 3ಡಿ ಲೇಯರಿಗೆ ಹಾಕಿದ ಲೇಯರ್ ಸ್ಟೈಲ್ (ನೆರಳು, ಹೊಳಪು ಇಂಥ ಅಲಂಕಾರ ಕೊಡುವ, ಎಫೆಕ್ಟಿಗಿಂತ ಬೇರೆಯಾದ ಆಯ್ಕೆ). ಮಾಮೂಲಿ ಎಫೆಕ್ಟ್ ಹಾಕಿದರೆ ಗುಂಪು ಒಡೆಯುವುದಿಲ್ಲ, ಲೇಯರ್ ಸ್ಟೈಲ್ ಹಾಕಿದರೆ ಒಡೆಯುತ್ತದೆ. ಪಟ್ಟಿಯಲ್ಲಿ ಎಲ್ಲವೂ 3ಡಿ ಎಂದು ಕಾಣುತ್ತಿದ್ದು ನೆರಳು ಮಾತ್ರ ಬೀಳದಿದ್ದರೆ ಇದನ್ನು ಹುಡುಕಿ. ಅದಕ್ಕೂ ಮುಂಚೆ ಲೇಯರಿನ ಮೆಟೀರಿಯಲ್ ಆಪ್ಷನ್ಸ್ ತೆರೆದು ನೋಡಿ (ಲೇಯರ್ ಆರಿಸಿ ಎ ಕೀಯನ್ನು ಬೇಗನೆ ಎರಡು ಸಲ ಒತ್ತಿ). ಕಾಸ್ಟ್ಸ್ ಶ್ಯಾಡೋಸ್ (ನೆರಳು ಬೀಳಿಸುವ ಸ್ವಿಚ್) ತಾನಾಗಿ ಆನ್ ಇರುವುದಿಲ್ಲ. ‘ನೆರಳು ಬರುತ್ತಿಲ್ಲ’ ಎಂದು ನನ್ನ ಮುಂದೆ ಬರುವ ಪ್ರಾಜೆಕ್ಟುಗಳಲ್ಲಿ ಕ್ರಮದ ತಪ್ಪಿಗಿಂತ ಈ ಸ್ವಿಚ್ ಮರೆತದ್ದೇ ಜಾಸ್ತಿ. ನಿಮ್ಮದು ಹಾಗಲ್ಲ, ಮೊದಲು ನೆರಳು ಇತ್ತು ಎಂದಿದ್ದೀರಿ.

ಈಗ ಸ್ನೇಹಿತರ ಸಲಹೆಯನ್ನು ತೂಗಿ ನೋಡೋಣ. ಎಲ್ಲವನ್ನೂ 3ಡಿ ಮಾಡಿದರೆ ಕ್ರಮದ ತಲೆನೋವು ಹೋಗುವುದಿಲ್ಲ, ಕಣ್ಣಿಗೆ ಕಾಣದ ಜಾಗಕ್ಕೆ ವರ್ಗವಾಗುತ್ತದೆ. ಪಟ್ಟಿಯಲ್ಲಿ ಕಾಣುತ್ತಿದ್ದ ಕ್ರಮ ಜ಼ೆಡ್ ಮೌಲ್ಯಗಳಲ್ಲಿ ಅಡಗಿ ಕೂರುತ್ತದೆ. ಅಡ್ಜಸ್ಟ್‌ಮೆಂಟ್ ಲೇಯರಿಗೆ 3ಡಿ ಸ್ವಿಚ್ ಹಾಕಿದರೂ ಅದು ಗುಂಪು ಒಡೆಯುವುದನ್ನು ಬಿಡುವುದಿಲ್ಲ. ಯಾವ ಕಾರಣಕ್ಕೂ ಆಳ ಬೇಡದ ಹಿನ್ನೆಲೆ ಬಣ್ಣ, ಕೊನೆಯ ಸಾಲಿನ ಹೆಸರುಗಳು, ಗ್ರೇನ್ ಇಂಥವನ್ನು 3ಡಿ ಮಾಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಬಣ್ಣ ತಿದ್ದುವುದಕ್ಕೆ ನಿಮಗೆ ಮೂರು ದಾರಿಗಳಿವೆ. ಒಂದು, ಅಡ್ಜಸ್ಟ್‌ಮೆಂಟ್ ಲೇಯರ್ ತೆಗೆದು ಅದರ ಎಫೆಕ್ಟುಗಳನ್ನು ಮೂರು ಕಾರ್ಡುಗಳಿಗೆ ನೇರವಾಗಿ ಪೇಸ್ಟ್ ಮಾಡುವುದು. ಕರ್ವ್ಸ್, ಹ್ಯೂ ಮುಂತಾದ ಬಣ್ಣದ ಎಫೆಕ್ಟುಗಳಿಗೆ ಇದು ಸಾಕು. ಗ್ಲೋ ಅಥವಾ ಬ್ಲರ್ ಇದ್ದರೆ ಎಚ್ಚರ: ಆಗ ಪ್ರತಿ ಕಾರ್ಡ್ ತನ್ನಷ್ಟಕ್ಕೆ ತಾನು ಹೊಳೆಯುತ್ತದೆ, ಒಟ್ಟು ಚಿತ್ರ ಹೊಳೆದಂತೆ ಕಾಣುವುದಿಲ್ಲ. ಎರಡು, ಪ್ರತಿ ಫೋಟೊವನ್ನು ಲೀವ್ ಆಲ್ ಆಟ್ರಿಬ್ಯೂಟ್ಸ್ ಆಯ್ಕೆಯಲ್ಲಿ ಪ್ರಿಕಾಂಪ್ ಮಾಡಿ ಬಣ್ಣವನ್ನು ಅದರೊಳಗೆ ತಿದ್ದುವುದು. 3ಡಿ ಸ್ಥಾನ, ಕೀಫ್ರೇಮುಗಳು (ಚಲನೆಯನ್ನು ನಿಗದಿಮಾಡುವ ಗುರುತುಗಳು) ಹೊರಗೇ ಉಳಿಯುತ್ತವೆ, ಕಾರ್ಡ್ ಗುಂಪಿನಲ್ಲೇ ಇರುತ್ತದೆ. ಕ್ಲೈಂಟ್ ಮತ್ತೆ ಮತ್ತೆ ಫೋಟೊ ಬದಲಿಸುವ ಸಂಭವವಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಮೂರು, ಅಡ್ಜಸ್ಟ್‌ಮೆಂಟ್ ಲೇಯರನ್ನು ಎಲ್ಲ ಕಾರ್ಡುಗಳ ಮೇಲಕ್ಕೆ ಎತ್ತಿ, ಆ ಮೂರು ಕಾರ್ಡುಗಳು ಕಾಣುವಷ್ಟು ಜಾಗಕ್ಕೆ ಟ್ರ್ಯಾಕ್ ಮ್ಯಾಟ್ (ಒಂದು ಲೇಯರ್ ಎಲ್ಲೆಲ್ಲಿ ಕಾಣಬೇಕೆಂದು ಇನ್ನೊಂದು ಲೇಯರಿನಿಂದ ಕತ್ತರಿಸುವುದು) ಕೊಡುವುದು. ಒಟ್ಟು ಚಿತ್ರದ ಗ್ಲೋ ಬೇಕೇ ಬೇಕೆಂದರೆ ಇದೊಂದೇ ದಾರಿ, ಆದರೆ ಮ್ಯಾಟಿಗಾಗಿ ಇಡೀ 3ಡಿ ದೃಶ್ಯದ ಕಪ್ಪು-ಬಿಳುಪು ನಕಲು ಇಟ್ಟುಕೊಂಡು ಎರಡನ್ನೂ ಹೊಂದಿಸುತ್ತಿರಬೇಕು. ಆಫ್ಟರ್ ಎಫೆಕ್ಟ್ಸ್‌ನ 2023ರ ಆವೃತ್ತಿಗೆ ಮುಂಚೆ ಮ್ಯಾಟ್ ಲೇಯರ್ ತಾನು ಕತ್ತರಿಸುವ ಲೇಯರಿನ ನೆತ್ತಿಯ ಮೇಲೆಯೇ ಇರಬೇಕಿತ್ತು. ಈಗ ಕಾಂಪಿನ ಯಾವ ಲೇಯರನ್ನಾದರೂ ಮ್ಯಾಟ್ ಎಂದು ಆರಿಸಬಹುದು. ಹಳೆಯ ಪಾಠಗಳನ್ನು ನೋಡುವಾಗ ಇದು ನೆನಪಿರಲಿ.

ಲೋಗೊಗೂ ಆಯ್ಕೆಗಳಿವೆ. ಅದು ಕ್ಯಾಮೆರಾದೊಂದಿಗೆ ಚಲಿಸುವುದು ಬೇಡವಾದರೆ 3ಡಿ ಸ್ವಿಚ್ ತೆಗೆದು ಪಟ್ಟಿಯ ತುದಿಯಲ್ಲಿಡಿ. ಚಲಿಸಬೇಕು, ಆದರೆ ಎಂದೂ ಕಾರ್ಡಿನ ಹಿಂದೆ ಹೋಗಬಾರದು ಎಂದಾದರೆ, ನಿಮಗೆ ಕಾಟ ಕೊಟ್ಟ ನಿಯಮವನ್ನೇ ಕೆಲಸಕ್ಕೆ ಹಚ್ಚಿ: ಲೋಗೊ ಮತ್ತು ಕಾರ್ಡುಗಳ ನಡುವೆ ಯಾವ ಎಫೆಕ್ಟೂ ಇಲ್ಲದ ಖಾಲಿ ಅಡ್ಜಸ್ಟ್‌ಮೆಂಟ್ ಲೇಯರ್ ಇಡಿ. ಗುಂಪು ಒಡೆಯುತ್ತದೆ, ಲೋಗೊ ಅದೇ ಕ್ಯಾಮೆರಾದಲ್ಲಿ ಚಲಿಸುತ್ತದೆ, ಯಾವಾಗಲೂ ಮುಂದೆ ಕೂರುತ್ತದೆ. ಲೋಗೊದ ನೆರಳು ಕಾರ್ಡುಗಳ ಮೇಲೆ ಬೀಳುವುದಿಲ್ಲ ಎಂಬುದೊಂದೇ ನಷ್ಟ. ಆ ಖಾಲಿ ಲೇಯರಿಗೆ ‘ಗೋಡೆ, ಅಳಿಸಬೇಡಿ’ ಎಂದು ಹೆಸರಿಡಿ, ಇಲ್ಲವಾದರೆ ಮುಂದೆ ಫೈಲ್ ತೆರೆದ ಯಾರಾದರೂ ಇದು ದಂಡ ಎಂದುಕೊಂಡು ಅಳಿಸುತ್ತಾರೆ. ನೆರಳೂ ಬೇಕೆಂದರೆ ಲೋಗೊವನ್ನು ಕ್ಯಾಮೆರಾ ಹತ್ತಿರಕ್ಕೆ ತಂದು, ದೊಡ್ಡದಾಗಿ ಕಾಣುವಷ್ಟನ್ನು ಸ್ಕೇಲಿನಲ್ಲಿ ಇಳಿಸಬೇಕು.

ಹೊಗೆಯ ಕಥೆ ಬೇರೆ. ಸ್ಕ್ರೀನ್ ಮೋಡ್ ಮಾಡುವುದು ಇಷ್ಟು: ಕೆಳಗಿರುವ ಚಿತ್ರದ ಜೊತೆ ಲೆಕ್ಕ ಹಾಕಿ ಬೆಳಕನ್ನು ಸೇರಿಸುತ್ತದೆ, ಕಪ್ಪು ಇದ್ದಲ್ಲಿ ಏನನ್ನೂ ಸೇರಿಸುವುದಿಲ್ಲ. ಲೆಕ್ಕ ಹಾಕಲು ಕೆಳಗೆ ಏನಾದರೂ ಇರಬೇಕು. ಎರಡು ಕ್ಲಿಪ್ಪುಗಳನ್ನು ಪ್ರಿಕಾಂಪಿನೊಳಗೆ ಹಾಕಿದಾಗ ಅವುಗಳ ಕೆಳಗೆ ಖಾಲಿ. ಕಿಡಿ ಹೊಗೆಯೊಂದಿಗೆ ಸರಿಯಾಗಿ ಬೆರೆಯುತ್ತದೆ, ಆದರೆ ಕೆಳಗಿನ ಕ್ಲಿಪ್ಪಿನ ಕಪ್ಪು, ಪಾರದರ್ಶಕವಲ್ಲದ ಕಪ್ಪಾಗಿಯೇ ಉಳಿಯುತ್ತದೆ. ಆ ಚಿತ್ರ ನಾರ್ಮಲ್ ಮೋಡಿನಲ್ಲಿ ಹೊರಬರುತ್ತದೆ, ಹಿಂದಿನದೆಲ್ಲ ಮುಚ್ಚಿಹೋಗುತ್ತದೆ. ಬ್ಲೆಂಡ್ ಮೋಡ್ ಪ್ರಿಕಾಂಪಿನ ಗೋಡೆ ದಾಟುವುದಿಲ್ಲ.

ಇಲ್ಲಿ ಅತಿ ಸುಲಭದ ಪರಿಹಾರ, ಹೊರಗಿನ ಪ್ರಿಕಾಂಪ್ ಲೇಯರಿಗೇ ಸ್ಕ್ರೀನ್ ಕೊಡುವುದು. ಒಳಗಿನ ಎರಡೂ ಸ್ಕ್ರೀನ್ ಮೋಡಿನವೇ ಆದ್ದರಿಂದ ಚಿತ್ರ ಮೊದಲಿನಂತೆಯೇ ಬರುತ್ತದೆ. ಸ್ಕ್ರೀನಿನ ಲೆಕ್ಕದಲ್ಲಿ ಗುಂಪು ಮಾಡುವುದೂ ಅದಲುಬದಲು ಮಾಡುವುದೂ ಎರಡೂ ನಡೆಯುತ್ತವೆ. ಒಳಗೆ ಒಂದು ಸ್ಕ್ರೀನ್, ಒಂದು ಮಲ್ಟಿಪ್ಲೈ (ಚಿತ್ರವನ್ನು ಕಪ್ಪಾಗಿಸುವ ಮೋಡ್) ಇದ್ದಿದ್ದರೆ ಈ ಉಪಾಯ ಕೈಕೊಡುತ್ತಿತ್ತು. ಆಗ ಪ್ರಿಕಾಂಪ್ ಲೇಯರಿನ ಕೊಲ್ಯಾಪ್ಸ್ ಟ್ರಾನ್ಸ್‌ಫರ್ಮೇಶನ್ಸ್ ಸ್ವಿಚ್ (ಸೂರ್ಯನಂಥ ಚಿಹ್ನೆ) ಒತ್ತಬೇಕು. ಒಳಗಿನ ಲೇಯರುಗಳು ಹೊರಗಿನ ಪಟ್ಟಿಯಲ್ಲೇ ಇದ್ದಂತೆ ವರ್ತಿಸುತ್ತವೆ, ಮೋಡುಗಳು ಹೊರಗಿನ ಹಿನ್ನೆಲೆಯೊಂದಿಗೆ ಬೆರೆಯುತ್ತವೆ, 3ಡಿ ಇದ್ದರೆ ಅದೂ ಹೊರಗಿನ ಕ್ಯಾಮೆರಾಗೆ ಸಿಗುತ್ತದೆ. ಫೋಟೊಶಾಪ್ ಬಲ್ಲವರಿಗೆ ಗುಂಪಿನ ಪಾಸ್ ಥ್ರೂ ಮೋಡ್ ಎಂದರೆ ಬೇಗ ತಿಳಿಯುತ್ತದೆ. ಅಪಾಯ ಒಂದಿದೆ: ಈ ಸ್ವಿಚ್ ಹಾಕಿದ ಪ್ರಿಕಾಂಪಿಗೆ ನಾಳೆ ಒಂದು ಎಫೆಕ್ಟ್ ಅಥವಾ ಮಾಸ್ಕ್ (ಲೇಯರಿನ ಒಂದು ಭಾಗವನ್ನಷ್ಟೇ ಕತ್ತರಿಸಿ ತೋರಿಸುವ ಗೆರೆ) ಹಾಕಿದರೆ ಗೋಡೆ ಮತ್ತೆ ಏಳುತ್ತದೆ, ಕಪ್ಪು ವಾಪಸ್ಸು ಬರುತ್ತದೆ. ಸ್ವಿಚ್ ಆನ್ ಆಗಿಯೇ ಕಾಣುವುದರಿಂದ ಕಾರಣ ಹುಡುಕುವುದು ಕಷ್ಟ.

ಇನ್ನೊಂದು ಮಾತು, ಅಭಿರುಚಿಯದು ಎಂದೇ ಇಟ್ಟುಕೊಳ್ಳಿ. ಕಿಡಿ, ಬೆಂಕಿ, ಲೈಟ್ ಲೀಕ್ ಇವು ಬೆಳಕು. ಇವಕ್ಕೆ ಸ್ಕ್ರೀನ್ ಅಥವಾ ಆ್ಯಡ್ ಸರಿ. ಹೊಗೆ ಬೆಳಕಲ್ಲ, ಅದು ಹಿಂದಿನದನ್ನು ಮರೆಮಾಡಬೇಕು. ಸ್ಕ್ರೀನಿನಲ್ಲಿ ಹಾಕಿದ ಹೊಗೆ ಬಿಳಿ ಗೋಡೆಯ ಮುಂದೆ ಕಾಣುವುದೇ ಇಲ್ಲ. ಶಿಫ್ಟ್ ಚಾನೆಲ್ಸ್ ಎಫೆಕ್ಟಿನಲ್ಲಿ ಆಲ್ಫಾವನ್ನು ಲ್ಯೂಮಿನನ್ಸ್‌ನಿಂದ (ಚಿತ್ರದ ಹೊಳಪಿನಿಂದ) ತೆಗೆದುಕೊಂಡು, ಅದರ ಕೆಳಗೆ ರಿಮೂವ್ ಕಲರ್ ಮ್ಯಾಟಿಂಗ್ ಹಾಕಿದರೆ ಹೊಗೆಗೆ ನಿಜವಾದ ಆಲ್ಫಾ ಸಿಗುತ್ತದೆ. ಆಮೇಲೆ ಅದು ನಾರ್ಮಲ್ ಮೋಡಿನಲ್ಲೇ ಇರುತ್ತದೆ, ಎಷ್ಟು ಪ್ರಿಕಾಂಪಿನೊಳಗೆ ತಳ್ಳಿದರೂ ಜಗ್ಗುವುದಿಲ್ಲ. ಕಡುಬೂದು ಹೊಗೆ ಸ್ವಲ್ಪ ತೆಳುವಾಗಬಹುದು. ಕ್ಲಿಪ್ಪನ್ನು ಒಮ್ಮೆ ಡೂಪ್ಲಿಕೇಟ್ ಮಾಡಿದರೆ ದಪ್ಪವಾಗುತ್ತದೆ.

ನಕ್ಷತ್ರ ಮತ್ತು ಅಕ್ಷರದ ನೆರಳು ಬೇಗ ಮುಗಿಯುವ ವಿಷಯ. ಲೇಯರುಗಳ ನಡುವೆ ಇರುವ ಹಾಗೆಯೇ ಒಂದು ಲೇಯರಿನ ಒಳಗೂ ಕ್ರಮ ಇದೆ. ಫೋಟೊ, ವಿಡಿಯೊ ಲೇಯರುಗಳಲ್ಲಿ ಮೊದಲು ಮಾಸ್ಕ್, ಆಮೇಲೆ ಎಫೆಕ್ಟುಗಳು (ಎಫೆಕ್ಟ್ ಪಟ್ಟಿಯಲ್ಲಿ ಮೇಲಿನಿಂದ ಕೆಳಕ್ಕೆ, ಲೇಯರ್ ಪಟ್ಟಿಗೆ ಸರಿಯಾಗಿ ತಿರುಗುಮುರುಗು), ಆಮೇಲೆ ಪೊಸಿಶನ್-ರೊಟೇಶನ್-ಸ್ಕೇಲ್. ಅಂದರೆ ನೆರಳು ಮೊದಲೇ ಬಿದ್ದುಬಿಟ್ಟಿರುತ್ತದೆ, ತಿರುಗುವಾಗ ಅದೂ ತಿರುಗುತ್ತದೆ. ಅಕ್ಷರ ಮತ್ತು ಶೇಪ್ ಲೇಯರುಗಳು ವೆಕ್ಟರ್ (ಗೆರೆಗಳ ಲೆಕ್ಕದಿಂದ ಮೂಡುವಂಥವು), ಯಾವಾಗಲೂ ಹೊಸದಾಗಿ ರಾಸ್ಟರ್ (ಪಿಕ್ಸೆಲ್ ಚಿತ್ರ) ಆಗುತ್ತಿರುತ್ತವೆ, ಅವುಗಳಲ್ಲಿ ಮೊದಲು ತಿರುಗಿ ಆಮೇಲೆ ಎಫೆಕ್ಟ್. ಅದಕ್ಕೇ ಅಕ್ಷರದ ನೆರಳು ಕದಲುವುದಿಲ್ಲ. ನಿಮ್ಮ ನಕ್ಷತ್ರ 2ಡಿ ಆಗಿದ್ದರೆ ಎಫೆಕ್ಟ್ ತೆಗೆದು ಲೇಯರ್ ಸ್ಟೈಲಿನ ಡ್ರಾಪ್ ಶ್ಯಾಡೊ ಹಾಕಿ, ಅದು ತಿರುಗಿದ ನಂತರ ಬೀಳುವ ನೆರಳು. 3ಡಿ ಕಾರ್ಡುಗಳ ಸಾಲಿನ ಮಧ್ಯೆ ಮಾತ್ರ ಅದನ್ನು ಇಡಬೇಡಿ, ಗುಂಪು ಒಡೆಯುತ್ತದೆ ಎಂದು ಆಗಲೇ ಹೇಳಿದೆ. ಎಫೆಕ್ಟನ್ನೇ ಉಳಿಸಿಕೊಳ್ಳಬೇಕಾದರೆ ನೆರಳಿನ ಡೈರೆಕ್ಷನ್ ಮೌಲ್ಯದಿಂದ ಲೇಯರಿನ ರೊಟೇಶನನ್ನು ಕಳೆಯುವ ಒಂದು ಸಾಲಿನ ಎಕ್ಸ್‌ಪ್ರೆಶನ್ (ಮೌಲ್ಯವನ್ನು ತಾನೇ ಲೆಕ್ಕ ಹಾಕುವ ಪುಟ್ಟ ಕೋಡ್) ಸಾಕು.

ನೋಡ್ ಸಾಫ್ಟ್‌ವೇರಿಗೆ ಹೋಗಬೇಕೇ? ಈ ಕಾರಣಕ್ಕಾದರೆ ಬೇಡ. ನ್ಯೂಕ್ ಎಂಬ ನೋಡ್ ಸಾಫ್ಟ್‌ವೇರಿನಲ್ಲಿ ಮರ್ಜ್ (ಬೆರೆಸುವ) ನೋಡಿಗೆ ಎ ಮತ್ತು ಬಿ ಎಂಬ ಎರಡು ತಂತಿಗಳು, ಎ ಮೇಲೆ, ಬಿ ಹಿನ್ನೆಲೆ. ಫ್ಯೂಷನ್ ಎಂಬ ಇನ್ನೊಂದರಲ್ಲಿ ಅವೇ ಫೋರ್‌ಗ್ರೌಂಡ್, ಬ್ಯಾಕ್‌ಗ್ರೌಂಡ್. ಎರಡರಲ್ಲೂ 3ಡಿ ದೃಶ್ಯವನ್ನು ಒಂದು ರೆಂಡರರ್ ನೋಡಿಗೆ ಕೊಟ್ಟು ಚಪ್ಪಟೆ ಚಿತ್ರ ಮಾಡಿಕೊಂಡ ಮೇಲೆಯೇ 2ಡಿ ಮರ್ಜ್. ಆಫ್ಟರ್ ಎಫೆಕ್ಟ್ಸ್ ಸದ್ದಿಲ್ಲದೆ ಮಾಡುವ ಗುಂಪು ಒಡೆಯುವ ಕೆಲಸವನ್ನು ಅಲ್ಲಿ ನೀವೇ ತಂತಿ ಎಳೆದು ಮಾಡುತ್ತೀರಿ, ಹಾಗಾಗಿ ಎಲ್ಲಿ ಒಡೆಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಇದು ದೊಡ್ಡ ಅನುಕೂಲ ನಿಜ. ಆದರೆ ಅಕ್ಷರ, ಶೇಪ್, ಕೀಫ್ರೇಮುಗಳ ಕೆಲಸವೇ ಹೆಚ್ಚಿರುವ ಟೈಟಲ್ ಸೀಕ್ವೆನ್ಸಿಗೆ ಲೇಯರ್ ಪಟ್ಟಿಯೇ ವೇಗ. ನಿರ್ಧಾರ ಎರಡೂ ಕಡೆ ನಿಮ್ಮದೇ.

ಸರಿಪಡಿಸಲು ಕೂರುವ ಮುನ್ನ ಪ್ರಾಜೆಕ್ಟಿನ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ಆಮೇಲೆ ಎಕ್ಸ್‌ಪ್ರೆಶನ್‌ಗಳನ್ನು ಒಮ್ಮೆ ನೋಡಿ. ಎಲ್ಲಾದರೂ ಲೇಯರನ್ನು ಹೆಸರಿನ ಬದಲು ಪಟ್ಟಿಯ ಸಂಖ್ಯೆಯಿಂದ, ಉದಾಹರಣೆಗೆ ‘3ನೇ ಲೇಯರ್’ ಎಂದು, ಕರೆದಿದ್ದರೆ ಕ್ರಮ ಬದಲಾದ ಕೂಡಲೇ ಅದು ಬೇರೆ ಲೇಯರನ್ನು ಹಿಡಿದುಕೊಳ್ಳುತ್ತದೆ, ಎಚ್ಚರಿಕೆಯ ಸಂದೇಶವೂ ಬಾರದೆ ಇರಬಹುದು. ಅಂಥದ್ದನ್ನೆಲ್ಲ ಹೆಸರಿಗೆ ಬದಲಿಸಿ. ಲೇಯರಿನ ಇಂಡೆಕ್ಸ್ (ಪಟ್ಟಿಯ ಸಂಖ್ಯೆ) ಬಳಸಿ ಒಂದರ ಹಿಂದೊಂದು ತಡವಾಗಿ ಬರುವಂತೆ ಮಾಡಿದ ಕಾರ್ಡುಗಳಿದ್ದರೆ, ನಡುವಿನ ಅಡ್ಜಸ್ಟ್‌ಮೆಂಟ್ ಲೇಯರ್ ತೆಗೆದಾಗ ಅವುಗಳ ಟೈಮಿಂಗ್ ಕೂಡ ಒಂದು ಹೆಜ್ಜೆ ಸರಿಯುತ್ತದೆ. ಮೇಲೆ ಕೆಳಗೆ ಸರಿಸಲು ಕಂಟ್ರೋಲ್, ಆಲ್ಟ್ ಮತ್ತು ಬಾಣದ ಕೀಗಳನ್ನು ಬಳಸಿ. ಚೌಕ ಆವರಣದ ಕೀಗಳನ್ನಷ್ಟೇ ಒತ್ತಿದರೆ ಲೇಯರ್ ಸರಿಯುವುದು ಪಟ್ಟಿಯಲ್ಲಲ್ಲ, ಕಾಲದಲ್ಲಿ.